ನೂಲು ಉಂಡ ಬೆಲ್ಲದ ಗಂಜಿ

ಮುಂಬಯಿ ಸರಕಾರದ ಕಾಲ. ನಾನು ಬನಹಟ್ಟಿಯ ನೇಕಾರರ ಓಣಿಯ ಶಾಲೆಯಲ್ಲಿ ಮಾಸ್ತರ. ಒಂದು ದಿನ ಪ್ರಾರ್ಥನೆಯ ನಡುವೆ ಎರಡನೇ ಇಯತ್ತೆಯ ನೀಲವ್ವ ತಲೆ ತಿರುಗಿ ಬಿದ್ದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅವಳ ಅಪ್ಪ, ಅವ್ವ ಇಬ್ಬರೂ ನಸುಕಿನಿಂದಲೇ ಮಗ್ಗದ ಕೆಲಸಕ್ಕೆ ನಿಂತರೆ ಒಲೆ ಹೊತ್ತುವುದು ಮಧ್ಯಾಹ್ನಕ್ಕೆ. ನಾಳೆಯಿಂದ ಮಕ್ಕಳಿಗೆ ಬೆಳಗಿನ ಗಂಜಿ ಶಾಲೆಯಲ್ಲೇ ಎಂದು ಘೋಷಿಸಿಬಿಟ್ಟೆ. ಗಂಜಿ ಕಾಸುವುದೇನು ಮಹಾ!

"ಎದುರಿಗೆ ಹಾಲು ಉಕ್ಕಿದ್ರೂ ನಿಮಗ ಗೊತ್ತಾಗೂದಿಲ್ಲ. ನಾ ಬರ್ಲೇನ್ರಿ?" ಎಂದಳು ಹೆಂಡತಿ ಸುಂದ್ರಾ.

"ಬ್ಯಾಡ. ನೀ ಸುಮ್ಮನ ಕೂಡು" ಎಂದೆ. ಸುಮ್ಮನೆ ಕೂಡಲು ಬಾರದವನು ನಾನು!

ನೀಲವ್ವನ ಅವ್ವ ಕಾಶವ್ವನಿಂದ ಒಂದು ಹಂಡೆ ಕೇಳಿ ತಂದೆ. ನಸುಕಿನಲ್ಲೇ ಜೋಳದ ಹಿಟ್ಟು ಕದಡಿ, ಕುದಿಸಿ, ಧಾರಾಳವಾಗಿ ಬೆಲ್ಲ ಹಾಕಿ, ಆರಲೆಂದು ಓಣಿಯ ಬೇವಿನ ಮರದ ಕೆಳಗಿಟ್ಟೆ. ಮಕ್ಕಳು ಬಂದರೇನೋ ಎಂದು ಮೂಲೆಯ ತನಕ ಹೋದೆ. ಬಂದೆ. ಬಟ್ಟಲು ಜೋಡಿಸಿದೆ. ಮತ್ತೆ ಹೋದೆ. ಇನ್ನೂ ಹೊತ್ತಾಗಿರಲಿಲ್ಲ, ಆದರೂ ಗಂಟೆ ಹೊಡೆದೇಬಿಟ್ಟೆ. ಮಕ್ಕಳು ಓಡಿ ಬಂದರು. ಹಂಡೆ ಇರಲಿಲ್ಲ!

ಆ ಓಣಿಯಲ್ಲಿ ಬಿಸಿಲೇರುವ ಮೊದಲೇ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಟ್ಟಿಯಾಗಲೆಂದು ಗಂಜಿ ಸವರುತ್ತಾರೆ. ಕಾಶವ್ವನ ಗಂಡ ಶಿವಪ್ಪ ಅದನ್ನೇ ಮಾಡುತ್ತಿದ್ದ. ತನ್ನ ಮನೆಯ ಹಂಡೆ ಕಂಡು, ಹೆಂಡತಿ ಕಾಸಿಟ್ಟಿದ್ದಾಳೆಂದು ಎತ್ತಿಕೊಂಡು ಹೋಗಿದ್ದ.

"ಶಿವಪ್ಪಾ, ಅದು ಹುಡುಗರ ಗಂಜಿ! ಅದರಾಗ ಬೆಲ್ಲ ಐತಿ!"

ಅವನ ಕುಂಚ ನಿಂತಿತು. "ಅದಕ್ಕ ಇವತ್ತ ಹಿಂಗ ಅಂಟಾಕತ್ತೈತಿ! ಮಾಸ್ತರ, ಆರು ಸೀರಿ ನೂಲ್ರೀ ಇದು!"

ಇರುವೆಗಳು ಗಂಟೆಗೂ ಕಾಯದೆ ಹಾಜರಾದವು. ಮಕ್ಕಳು ಖಾಲಿ ಬಟ್ಟಲು ಹಿಡಿದು ನಿಂತಿದ್ದರು. ನೀಲವ್ವ ನೂಲಿನ ಕಡೆ ನೋಡಿ ತುಟಿ ಸವರಿಕೊಂಡಳು. ನನಗೆ ನಾಚಿಕೆಯಿಂದ ಅಳುವೇ ಬಂತು.

ಅಷ್ಟರಲ್ಲಿ ಸುಂದ್ರಾ ತಲೆಯ ಮೇಲೆ ದೊಡ್ಡ ಪಾತ್ರೆ ಹೊತ್ತು ಬಂದಳು. ಬಿಸಿ ಬಿಸಿ ಗಂಜಿ!

"ನಿಮ್ಮನ್ನ ನಂಬಿ ಕೂಸುಗಳನ್ನ ಉಪವಾಸ ಕೆಡವಲೇನ್ರಿ?" ಎಂದಳು.

ಮಕ್ಕಳು ಸೊರ್ರನೆ ಕುಡಿಯತೊಡಗಿದರು. ಶಿವಪ್ಪ ನನ್ನ ಕೈಗೆ ಬಿಸಿನೀರಿನ ಕೊಡ ಕೊಟ್ಟು, "ನೂಲು ತೊಳೀರಿ" ಎಂದ. ತೊಳೆದೆ. ಹೊತ್ತೇರಿತು. ಕಣ್ಣಿಗೆ ಕತ್ತಲೆ ಕವಿಯಿತು. ನೀಲವ್ವ ಹತ್ತಿರ ಬಂದಳು.

"ಗುರುಗಳ, ಮುಂಜಾನಿಂದ ಏನೂ ಉಂಡಿಲ್ಲೇನ್ರಿ?"

ತನ್ನ ಬಟ್ಟಲಲ್ಲಿ ಉಳಿದ ಗಂಜಿ ಮುಂದೆ ಚಾಚಿದಳು. ಗಟಗಟ ಕುಡಿದೆ. ನನ್ನ ಯೋಜನೆಯಿಂದ ಮೊದಲ ದಿನ ಉಪವಾಸ ಬಿದ್ದವನು ನಾನೊಬ್ಬನೇ!