ಚೀನಾದವರ ಎರಡು ಹೊತ್ತಿನ ಊಟ

ಶಿವಪ್ರಸಾದ ಮಾಸ್ತರರ ಫಜೀತಿಗೆಲ್ಲ ಮೂಲ ಗುರೆಳ್ಳು ಚಟ್ನಿಪುಡಿಯ ಒಂದು ಸ್ಟೀಲ್ ಡಬ್ಬಿ. ಹೆಂಡತಿ ನಂದಿನಿ ತೀರಿಕೊಂಡು ಮೂರು ತಿಂಗಳಾಗಿತ್ತು. ಸೀರೆಗಳನ್ನು ತವರಿನವರು ಒಯ್ದಿದ್ದರು. ಅವಳ ಕೈರುಚಿ ಅಂತ ಉಳಿದದ್ದು ಡಬ್ಬಿಯ ತಳದಲ್ಲಿದ್ದ ಎರಡು ಬೆರಳಿನಷ್ಟು ಪುಡಿ ಮಾತ್ರ. ಅದಿಲ್ಲದೆ ಮಾಸ್ತರರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಮೂರು ಹೊತ್ತು ಉಂಡರೆ ಪುಡಿ ಬೇಗ ಮುಗಿಯುತ್ತದೆ, ಎರಡೇ ಹೊತ್ತು ಉಂಡರೆ ಅವಳು ಇನ್ನಷ್ಟು ದಿನ ಮನೆಯಲ್ಲಿರುತ್ತಾಳೆ ಎಂದು ಅವರು ಮಧ್ಯಾಹ್ನದ ಊಟ ಬಿಟ್ಟರು. ಪುಡಿಗೆ ಕಮಟು ವಾಸನೆ ಬಂದಿತ್ತು. ಬಂದರೆ ಬರಲಿ, ಅದೂ ಅವಳದೇ ಅಂದುಕೊಂಡರು.

ಆದರೆ ಮಸ್ಕಿಯಲ್ಲಿ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಉಪವಾಸ ಇರಲಿಕ್ಕೂ ಜನ ಬಿಡುವುದಿಲ್ಲ. ಗುರುವಾರ ಶಾಲೆಯಲ್ಲಿ ಡ್ರಿಲ್ ಮಾಸ್ತರ ಬಸ್ಸಪ್ಪ, ಮಧ್ಯಾಹ್ನ ಯಾಕೆ ಉಣ್ಣುವುದಿಲ್ಲವೆಂದು ಎಲ್ಲರೆದುರು ಕೇಳಿಬಿಟ್ಟ. ನಿಜ ಹೇಳಲು ಮಾಸ್ತರರಿಗೆ ನಾಚಿಕೆ. ಇತಿಹಾಸದವರಲ್ಲವೇ, ಹಳೇ ಕಾಲದ ಚೀನಾಕ್ಕೆ ಓಡಿದರು. ಅಲ್ಲಿಯ ಜನ ಬೆಳಗ್ಗೆ ಒಮ್ಮೆ, ಹೊತ್ತು ಮುಳುಗುವ ಮುಂಚೆ ಒಮ್ಮೆ ಉಣ್ಣುತ್ತಿದ್ದರೆಂದೂ, ತಾವೂ ಅದನ್ನೇ ಹಿಡಿದಿರುವುದಾಗಿಯೂ ಹೇಳಿದರು.

"ಅಲ್ಲಿ ರಾಜಗ ಎಷ್ಟ ಹೊತ್ರೀ?" ಎಂದ ಬಸ್ಸಪ್ಪ.

"ನಾಕು ಹೊತ್ತು."

"ಹಂಗಾರ ರಾಜನ ಪದ್ಧತಿ ಹಿಡಿಯಾದು ಬಿಟ್ಟು ಬಡವರದ್ಯಾಕ ಹಿಡದ್ರಿ?"

ಒಂಬತ್ತನೇ ತರಗತಿಯ ಎಂಟು ಹುಡುಗರು ಇದನ್ನು ಕಿಟಕಿಯಲ್ಲಿ ಕೇಳಿಸಿಕೊಂಡರು. ಮಧ್ಯಾಹ್ನ ಗಂಟೆ ಹೊಡೆದದ್ದೇ ತಡ, ತಾವೂ ಚೀನಾದವರೆಂದು ಬಿಸಿಯೂಟ ಬಿಟ್ಟು ಗೇಟಿನಾಚೆ ಮಿರ್ಚಿ ತಿನ್ನಲು ಹೋದರು. ಅಡುಗೆಯ ಗಾಳೆಮ್ಮ ಸೌಟು ಹಿಡಿದೇ ಸ್ಟಾಫ್ ರೂಮಿಗೆ ಬಂದು, ಮಾಸ್ತರರ ಚೀನಾದಿಂದ ತನ್ನ ಸಾಂಬಾರು ಉಳಿದಿದೆ, ಯಾರು ಉಣ್ಣುವವರು ಎಂದು ಕೇಳಿದಳು. ಹೆಡ್ ಮೇಡಂ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ಮಕ್ಕಳ ಸಾಲಿನಲ್ಲಿ ಕೂತು ಮಾಸ್ತರರೇ ಉಂಡು ತೋರಿಸಬೇಕು.

ಕೂತರು. ಅನ್ನ ಕಲಸಿದರು. ತುತ್ತು ಬಾಯಿವರೆಗೆ ಹೋಗಿ ನಿಂತಿತು. ಕೈ ತೊಳೆಯುತ್ತೇನೆಂದು ಎದ್ದವರಿಗೆ ಕಣ್ಣು ಕತ್ತಲೆ ಬಂದು, ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಹಾಗೆ ಸಾಂಬಾರಿನ ಪಾತ್ರೆಯ ಪಕ್ಕಕ್ಕೆ ಜಾರಿದರು. ಬಸ್ಸಪ್ಪ ನೀರು ಚಿಮುಕಿಸಿ ಎಬ್ಬಿಸಿದ. ಪಕ್ಕದ ಮನೆಯ ಸಂಗಮ್ಮನಿಗೆ ಫೋನ್ ಮಾಡಿ, ಮಾಸ್ತರರು ಅನ್ನ ಬಿಟ್ಟು ಬಿದ್ದಾರೆ, ಏನಾದರೂ ಮಾಡಿಡಿ ಎಂದ. ನಂದಿನಿ ಇದ್ದಾಗಿನಿಂದ ಮನೆಯ ಇನ್ನೊಂದು ಕೀಲಿ ಸಂಗಮ್ಮನ ಹತ್ತಿರವೇ ಇತ್ತು.

ಬಸ್ಸಪ್ಪನ ಬೈಕಿನಲ್ಲಿ ಮನೆಗೆ ಬಂದಾಗ ಅಡುಗೆಮನೆ ಗುಡಿಸಿ ಸಾರಿಸಿದಂತಿತ್ತು. ಸಂಗಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು ಇಟ್ಟುಕೊಂಡು ಕಾಯುತ್ತಿದ್ದಳು. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಕಂಠದವರೆಗೆ ತುಂಬಿತ್ತು. ಸಂಸಾರಸ್ಥರ ಮನೆಯಲ್ಲಿ ಡಬ್ಬಿ ಬರಿದಾಗಬಾರದು, ಹಳೆಯದು ಒಂದಿಷ್ಟು ಇರುವಾಗಲೇ ಮೇಲೆ ಹೊಸದು ಸುರಿಯಬೇಕು. ಸಂಗಮ್ಮ ಹಾಗೇ ಸುರಿದು ಚಮಚದಿಂದ ಚೆನ್ನಾಗಿ ಕಲಸಿಯೂ ಇಟ್ಟಿದ್ದಳು.

ಮಾಸ್ತರರು ನೆಲದ ಮೇಲೆ ಕೂತು ಅತ್ತರು. ನಲವತ್ತಾರು ವರ್ಷದ ಗಂಡಸು ಅಳುವುದನ್ನು ನೋಡಲಾರದೆ ಬಸ್ಸಪ್ಪ ಕ್ಯಾಲೆಂಡರ್ ನೋಡಿದ.

"ಅಕ್ಕಾ, ಅದರಾಗ ನಂದಿನಿ ಮಾಡಿದ ಪುಡಿ ಇತ್ರೀ. ಅಷ್ಟ ಉಳದಿತ್ತು."

ಸಂಗಮ್ಮ ಸೆರಗು ಸರಿ ಮಾಡಿಕೊಂಡಳು. "ಅಕಿಗೆಲ್ಲಿ ಪುರುಸೊತ್ತಿತ್ರೀ ಸರ. ಏಳಕ್ಕ ಲಿಂಗಸುಗೂರ ಬಸ್ ಹಿಡದು ಆಫೀಸಿಗೆ ಹೋಗಾಕಿ. ಹನ್ನೊಂದ ವರ್ಷದಿಂದ ಆ ಡಬ್ಬಿ ತುಂಬಾಕಿ ನಾನ. ‘ನಮ್ಮ ಮನ್ಯಾರಿಗೆ ಹೇಳಬ್ಯಾಡ್ರಿ ಅಕ್ಕಾ, ನಾ ಮಾಡೀನಂತ ತಿಳದು ಪ್ರೀತಿಲೆ ಉಣ್ತಾರ’ ಅಂತಿದ್ಳು."

ಮಾಸ್ತರರು ರೊಟ್ಟಿ ಮುರಿದು ಪುಡಿ ಹಚ್ಚಿ ಬಾಯಿಗಿಟ್ಟರು. ಅದೇ ರುಚಿ, ಕೂದಲೆಳೆಯಷ್ಟೂ ಬೇರೆಯಿಲ್ಲ. ಇಷ್ಟು ದಿನ ಹೊಟ್ಟೆ ಕಟ್ಟಿ ಕಾಯ್ದದ್ದರಲ್ಲಿ ಅವಳು ಇರಲೇ ಇಲ್ಲ. ಎದೆಯೊಳಗೆ ಅವಳು ಎರಡನೇ ಸಲ ಸತ್ತಂತಾಯಿತು.

"ಹಂಗಾರ ಅಕಿ ತಾನ ಮಾಡಿದ್ದು ಮನ್ಯಾಗ ಏನರ ಐತೇನ್ರೀ ಅಕ್ಕಾ?"

ಸಂಗಮ್ಮ ಗೂಡಿನಲ್ಲಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ನೋಡಿದಳು.

"ಅನ್ನ, ಸಾರು ಮಾಡ್ತಿದ್ಳು," ಅಂದಳು. "ಅವನ್ನ ಅವತ್ತಿಂದವತ್ತ ನೀವ ಉಂಡು ಮುಗಿಸೀರಲ್ರೀ ಸರ."