ಎಡಮುರಿ ಬಸವನಹುಳು

ಎಪ್ಪತ್ತರ ದಶಕದ ಒಂದು ಶ್ರಾವಣದ ಬೆಳಿಗ್ಗೆ ಸೊಲ್ಲಾಪುರದ ನಮ್ಮ ಕಾಲೇಜಿನಿಂದ ಬಸವನಹುಳುಗಳು ಪರಾರಿಯಾದವು. ಪ್ರಾಣಿಶಾಸ್ತ್ರ ವಿಭಾಗದ ತುರ್ತುಸಭೆ ಸೇರಿತು. ಪಾಠಗಳು ರದ್ದಾದವು. ಬೆನ್ನಟ್ಟಿ ಹೊರಟವರಿಗೆ ಅವು ಬಾಗಿಲ ಬಳಿಯೇ ಸಿಕ್ಕವು. ಮಳೆಗಾಲದಲ್ಲಿ ನಮ್ಮಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತಿತ್ತು.

ಅವು ಸಾದಾ ಹುಳುಗಳಲ್ಲ. ಬಸವನಹುಳುವಿನ ಚಿಪ್ಪಿನ ಸುರುಳಿ ಸಾಮಾನ್ಯವಾಗಿ ಬಲಕ್ಕೆ ತಿರುಗಿರುತ್ತದೆ. ಅಕ್ಕಲಕೋಟೆ ಕಡೆಯ ಹನ್ನೂರಿನ ಬೇಲಿಯಲ್ಲಿ ಸಿಕ್ಕ ಇವುಗಳದ್ದು ಎಡಕ್ಕೆ. ಇದು ಹೊಸ ಜಾತಿಯೆಂದು ನಮ್ಮ ಪ್ರಾಧ್ಯಾಪಕರು ನಂಬಿದ್ದರು. ಹೊಸದೆಂದು ಕಲ್ಕತ್ತೆಯ ತಜ್ಞರು ಒಪ್ಪಿದರೆ ಅದಕ್ಕೆ ಪ್ರಾಧ್ಯಾಪಕರ ಹೆಸರನ್ನೇ ಇಡುವ ಸಂಭವವಿತ್ತು. ಅವರಿಗೆ ಮಕ್ಕಳಿರಲಿಲ್ಲ, ನಿವೃತ್ತಿ ಹತ್ತಿರವಿತ್ತು. ಹೆಸರು ಉಳಿಯಬೇಕಾದರೆ ಹುಳುವೇ ಉಳಿಸಬೇಕಿತ್ತು. ನಾನು ಅವರ ಸಹಾಯಕ. ಡಬ್ಬಿ ಹೊರುವುದು ನನ್ನ ಸಂಶೋಧನೆ.

೧. ಹನ್ನೂರಿನ ಬೇಲಿ

ಪ್ರಾಧ್ಯಾಪಕರು ಬೇಲಿಯ ಬುಡದಲ್ಲಿ ಮಂಡಿಯೂರಿದ್ದರು. ಹೊಲದ ಗೌಡರು ಬಂದು ನಿಂತರು.

“ಏನ್ ಕಳಕೊಂಡೀರಿ ಸರ್?”

“ಬಸವನಹುಳ ಹುಡುಕಾಕತ್ತೀನ್ರಿ. ಎಡಕ್ಕ ತಿರುಗಿದ್ದು.”

ಗೌಡರು ಯೋಚಿಸಿದರು. “ಹ್ವಾದ ವಾರ ನನ್ನ ಎತ್ತು ತಪ್ಪಿಸ್ಕೊಂಡಿತ್ತು. ಆವಾಗ ಕಾಲೇಜಿನವರು ಒಬ್ಬರೂ ಬರಲಿಲ್ಲ ನೋಡ್ರಿ.”

ಆದರೂ ಮುಂದಿನ ಭಾನುವಾರಗಳಲ್ಲಿ ಊರಿಗೆ ಊರೇ ಹುಡುಕಿಕೊಟ್ಟಿತು. ಚಿಪ್ಪು ಎತ್ತಿ ಎಡವೋ ಬಲವೋ ನೋಡುವುದು ಅಲ್ಲಿಯವರಿಗೆ ರೂಢಿಯಾಯಿತು.

೨. ಬಸ್ಸಿನಲ್ಲಿ

ಮೈಂದರ್ಗಿಯಲ್ಲೂ ಹುಡುಕಿ ಅಕ್ಕಲಕೋಟೆಗೆ ಮರಳುವಾಗ ಡಬ್ಬಿಯ ಮುಚ್ಚಳ ಸರಿದು, ಒಂದು ಹುಳು ಮುಂದಿನ ಸೀಟಿನ ಸಾವುಕಾರ್ತಿಯ ಸೆರಗೇರಿತು. ಆಕೆ ಚೀರಿದರು. ಕಂಡಕ್ಟರ್ ಬಂದ.

“ಜನಾವರಕ್ಕ ತಿಕೀಟ ತಗೀಬೇಕ್ರಿ. ಏನಂತ ಬರೀಲಿ? ಕನ್ನಡದಾಗ ಇದು ಬಸವ, ಮರಾಠಿಯೊಳಗ ಗೋಗಲಗಾಯ, ಗಾಯ ಅಂದ್ರ ಆಕಳ. ಎತ್ತೋ, ಆಕಳೋ?”

ಪ್ರಾಧ್ಯಾಪಕರು ವಿಜ್ಞಾನಕ್ಕೆ ದ್ರೋಹ ಬಗೆಯುವವರಲ್ಲ. “ಎರಡೂ. ಪ್ರತಿಯೊಂದು ಹುಳನೂ ಗಂಡೂ ಹೌದು, ಹೆಣ್ಣೂ ಹೌದು.”

“ಹಂಗಾದ್ರ ಒಂದೊಂದಕ್ಕ ಎರಡೆರಡು ತಿಕೀಟ.”

೩. ನಾಮಕರಣ

ಹುಳುಗಳು ಕಲ್ಕತ್ತೆಗೆ ಹೋದವು. ದೀಪಾವಳಿಯ ಹೊತ್ತಿಗೆ ಉತ್ತರ ಬಂತು: ಜಾತಿ ಹಳೆಯದು, ಎಡಕ್ಕೆ ತಿರುಗುವುದು ಅದರ ಹುಟ್ಟುಗುಣ, ಯಾವನೋ ಸಾಹೇಬ ಎಂದೋ ಹೆಸರಿಟ್ಟಾಗಿದೆ. ಪ್ರಾಧ್ಯಾಪಕರು ಆ ದಿನ ಚಹಾ ಮುಟ್ಟಲಿಲ್ಲ.

ಡಬ್ಬಿಯಲ್ಲಿ ಉಳಿದವನ್ನು ಬೇಲಿಗೆ ಬಿಡಲು ಇಬ್ಬರೂ ಹನ್ನೂರಿಗೆ ಹೋದೆವು. ಗೌಡರು ಡಬ್ಬಿ ನೋಡಿ ಕೈ ಮುಗಿದರು.

“ಬ್ಯಾಡ್ರಿ ಸರ್, ಇಲ್ಲಿ ಬಿಡಬ್ಯಾಡ್ರಿ. ಮೊದಲೇ ನಮ್ಮ ಹೊಲದಾಗ ಪ್ರೊಫೆಸರ್ ಭಾಳ ಆಗ್ಯಾವ. ಬದನಿ ಎಲಿ ಒಂದೂ ಉಳಿಸಿಲ್ಲ.”

“ಏನ್ ಆಗ್ಯಾವ?” ಎಂದರು ಪ್ರಾಧ್ಯಾಪಕರು.

“ಪ್ರೊಫೆಸರ್ರೀ. ಬಲಕ್ಕ ತಿರುಗಿದ್ದು ಬಸವನಹುಳ, ಎಡಕ್ಕ ತಿರುಗಿದ್ದು ಪ್ರೊಫೆಸರ್. ಊರಾಗ ಎಲ್ಲಾರೂ ಹಂಗೇ ಅಂತಾರ.”

ಪ್ರಾಧ್ಯಾಪಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಗೌಡರ ಮನೆಯಲ್ಲಿ ಚಹಾ ಕುಡಿದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಹನ್ನೂರಿನಲ್ಲಿ ಆ ಹುಳುವಿನ ಹೆಸರು ಈಗಲೂ ಅದೇ.