ಗಾಳ ಹಿಡಿದ ಸಸ್ಯಾಹಾರಿ

ನಗಬಾರದ ಹೊತ್ತಿನಲ್ಲೇ ನಗು ಬರಿಸುವಂಥದ್ದು ನಡೆಯುವುದು ನಮ್ಮ ಮನೆಯ ಅಭ್ಯಾಸ. ಕಳೆದ ವರ್ಷ ನಮ್ಮವರಿಗೆ ಹೃದಯದ ಬೈಪಾಸ್ ಆಯಿತು. ಹೊಲಿಗೆ ಮಾಗಿತು, ನಾವಿರುವ ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಮತ್ತೆ ಕೆಲಸಕ್ಕೂ ಹೋಗತೊಡಗಿದರು. ಆದರೆ ನಗುವುದನ್ನು ನಿಲ್ಲಿಸಿಬಿಟ್ಟರು. ಬಡಿಸಿದರೆ ಉಣ್ಣುವರು, ಕೇಳಿದರೆ "ಹ್ಞೂಂ" ಅನ್ನುವರು, ಉಳಿದ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡು ಕೂರುವರು. ಆಸ್ಪತ್ರೆಯವರು ಗಂಡನನ್ನು ಪೂರ್ತಿ ವಾಪಸ್ ಕೊಟ್ಟಿಲ್ಲ ಅನ್ನಿಸಿ ಬಚ್ಚಲಲ್ಲಿ ನಿಂತು ಅಳುತ್ತಿದ್ದೆ.

ಇದನ್ನೆಲ್ಲ ಗಮನಿಸಿದ್ದ ಕೆಳಗಿನ ಮನೆಯ ಸ್ವೀಡಿಷ್ ಅಜ್ಜ, ಬೇಸಿಗೆಯಲ್ಲಿ ಬೆಟ್ಟದ ನದಿಗೆ ಟ್ರೌಟ್ ಮೀನು ಹಿಡಿಯಲು ಹೋಗೋಣ ಎಂದರು. ನಮ್ಮವರು ಬೆಂಗಳೂರಿನ ಅಪ್ಪಟ ಸಸ್ಯಾಹಾರಿ. ಅದಕ್ಕೂ "ಹ್ಞೂಂ" ಅಂದರು.

ಅಂಗಳದಲ್ಲಿ ಗಾಳ

ಈ ಗಾಳ ಬೀಸುವುದಕ್ಕೆ ಅಭ್ಯಾಸ ಬೇಕಂತೆ. ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿಕೊಂಡು ಇಬ್ಬರೂ ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ನಿಂತು ದಿನಾ ದಾರ ಬೀಸತೊಡಗಿದರು. ಕಿಟಕಿಗಳ ಪರದೆ ಸರಿಯುತ್ತಿತ್ತು, ಇದೇನು ಅಂತ ಒಬ್ಬರೂ ಕೇಳಲಿಲ್ಲ. ಇಲ್ಲಿಯವರು ಬೇಜಾರಾದರೆ ಬಾಯಿ ಬಿಡುವುದಿಲ್ಲ, ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ ಚೀಟಿ ಅಂಟಿಸುತ್ತಾರೆ. ಕೊನೆಗೆ ಅದೂ ಬಂತು: "ಅಂಗಳದಲ್ಲಿ ಮೀನು ಹಿಡಿಯುವವರು ದಯವಿಟ್ಟು ಹೊಸ ಹುಲ್ಲು ತುಳಿಯಬೇಡಿ."

ನಮ್ಮವರು ಅದನ್ನು ಗಂಭೀರವಾಗಿ ಓದಿದರು.

"ಬೇಡ ಅಂದಿದ್ದು ಹುಲ್ಲಿಗೆ ಮಾತ್ರ ತಾನೇ? ಮೀನಿಗೆ ಪರ್ಮಿಷನ್ ಇದೆ" ಅಂದು ಜಲ್ಲಿಯ ಮೇಲೆ ಹೋಗಿ ನಿಂತರು.

ಸೀರೆಯ ಕುಚ್ಚು

ಟ್ರೌಟ್ ಮೀನಿಗೆ ನಿಜವಾದ ಹುಳು ಬೇಕಿಲ್ಲ. ಕೊಕ್ಕೆಗೆ ಗರಿ, ಕೂದಲು ಸುತ್ತಿ ನೊಣದ ಹಾಗೆ ಮಾಡಿದರೆ ಸಾಕು. ಅಜ್ಜ ಕೊಟ್ಟ ಹಕ್ಕಿಯ ಗರಿಯನ್ನು ನಮ್ಮವರು ಮುಟ್ಟಲಿಲ್ಲ. ಮಾರನೆಯ ಸಂಜೆ ನೋಡಿದರೆ ಮೇಜಿನ ಮೇಲೆ ಸಾಲಾಗಿ ಮರೂನ್ ಬಣ್ಣದ ನೊಣಗಳು. ಎಲ್ಲೋ ನೋಡಿದ ಬಣ್ಣವಲ್ಲವೇ ಎಂದು ಬೀರು ತೆಗೆದೆ. ನನ್ನ ಧಾರೆ ಸೀರೆಯ ಸೆರಗಿನಲ್ಲಿ ಕುಚ್ಚೇ ಇಲ್ಲ!

"ರೀ, ಏನ್ರೀ ಇದು?"

"ಗರಿಯಾದ್ರೆ ಹಿಂಸೆ ಕಣೇ."

ರೇಷ್ಮೆಗೂ ಹುಳು ಸತ್ತಿದೆ ಅಂತ ಬಾಯಿಯ ತನಕ ಬಂತು, ನುಂಗಿಕೊಂಡೆ. ಮನಸ್ಸಿಗೆ ನೋವಾಗಬಾರದು ಅಂತ ಡಾಕ್ಟರು ಹೇಳಿದ್ದರು. ಅವರ ಮನಸ್ಸಿಗೆ. ನನ್ನ ಮನಸ್ಸಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನದಿಯಲ್ಲಿ

ಡಾಕ್ಟರ ಒಪ್ಪಿಗೆ ಪಡೆದು ಅಜ್ಜನ ಜೊತೆ ಉತ್ತರದ ಬೆಟ್ಟಸೀಮೆಗೆ ಹೋದೆವು. ನಾನು ಕುಂದಾಪುರದವಳು. ಮೀನು ಅಂದಮೇಲೆ ಅರೆದ ಮಸಾಲೆ, ಕಾವಲಿ, ತೆಂಗಿನೆಣ್ಣೆ ಎಲ್ಲ ಕಟ್ಟಿಕೊಂಡೇ ಹೊರಟಿದ್ದೆ. ನಮ್ಮವರು ಎದೆಯವರೆಗಿನ ರಬ್ಬರ್ ಪ್ಯಾಂಟು ತೊಟ್ಟು ಮಂಡಿಯುದ್ದದ ತಣ್ಣನೆ ನೀರಲ್ಲಿ ನಿಂತರು. ನಾನು ದಡದ ಬಂಡೆಯ ಮೇಲೆ ಕುಳಿತು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಕೆಮ್ಮಿದರೆ ನನ್ನ ಜೀವ ಹಾರುತ್ತಿತ್ತು.

ಸಂಜೆಗೆ ದಾರ ಜಗ್ಗಿತು.

"ಬಾರೇ, ಬಾರೇ ಇಲ್ಲಿ!" ಆಪರೇಷನ್ ಆದಮೇಲೆ ಅವರು ಕೂಗಿದ್ದು ಅದೇ ಮೊದಲು. ಸೀರೆ ನೆನೆಯುವುದನ್ನೂ ನೋಡದೆ ನೀರಿಗಿಳಿದೆ.

ಅಜ್ಜ ಒಡ್ಡಿದ ಕೈಬಲೆಯಲ್ಲಿ ಕೆಂಪು ಚುಕ್ಕೆಗಳ ಚೆಂದದ ಮೀನು. ಇಟ್ಟುಕೊಳ್ಳುವಷ್ಟು ದೊಡ್ಡದೇ ಅಂತ ಅಜ್ಜ ತಲೆಯಾಡಿಸಿದರು. ಅದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಮ್ಮವರು ಅದನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ದಡದಲ್ಲಿ ಮಸಾಲೆ ಕಾಯುತ್ತಿತ್ತು.

"ಬಿಡ್ರೀ ಅದನ್ನ" ಅಂದೆ. ನನ್ನ ಬಾಯಲ್ಲೇ ಆ ಮಾತು ಬಂತು.

ಸುಸ್ತಾದ ಮೀನನ್ನು ಹಾಗೇ ಎಸೆಯಬಾರದು, ಚೇತರಿಸಿಕೊಳ್ಳುವ ತನಕ ಹರಿವಿಗೆ ಮುಖ ಮಾಡಿ ನೀರಲ್ಲೇ ಹಿಡಿದಿರಬೇಕು. ನಮ್ಮವರು ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ಮೆಲ್ಲಗೆ ಶುರುಮಾಡಿದರು. "ಗಾಬರಿಯಾಗ್ಬೇಡಿ. ನಿಧಾನಕ್ಕೆ ಉಸಿರು ತಗೊಳ್ಳಿ. ಭಾರ ಎತ್ತಬೇಡಿ. ಟೆನ್ಷನ್ ಮಾಡ್ಕೋಬೇಡಿ. ಊಟದಲ್ಲಿ ಉಪ್ಪು, ಎಣ್ಣೆ ಕಮ್ಮಿ ಮಾಡಿ."

ಮೀನು ಬಾಲ ಬಡಿದು, ಅವರ ಮುಖಕ್ಕೆ ನೀರು ಹಾರಿಸಿ, ಹೊರಟುಹೋಯಿತು.

"ನೋಡೇ, ನನಗಿಂತ ಬೇಗ ಡಿಸ್ಚಾರ್ಜ್!" ಅಂದವರೇ ನಗತೊಡಗಿದರು. ನಕ್ಕು ನಕ್ಕು ನೀರಲ್ಲೇ ಕುಸಿದು ಕೂತರು. ಎಬ್ಬಿಸಲು ಹೋದ ನಾನೂ ಪಕ್ಕದಲ್ಲೇ ಕೂತೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ.

ಮೀನಿಗೆ ಹೇಳಿದ್ದೇನು ಅಂತ ಅಜ್ಜ ಕೇಳಿದರು. ಮಾತು ಮಾತನ್ನೂ ಅನುವಾದ ಮಾಡಿ ಹೇಳಿದೆ. ಅವರು ನಗಲಿಲ್ಲ. ಖಾಲಿ ಬಲೆಯ ನೀರು ಕೊಡವುತ್ತ ಗಂಭೀರವಾಗಿ ಕೇಳಿದರು.

"ಅದು ಮತ್ತೆ ತೋರಿಸೋಕೆ ಯಾವಾಗ ಬರಬೇಕಂತೆ?"